ಗುಡ್ಡದ ನೆತ್ತಿಯ ನಲ್ಲಿಗೆ ಬರುವ ನೀರು

ಓದುಗರ ಪ್ರಶ್ನೆಗಳಿಗೆ ಉತ್ತರ: ಈ ಸಲ ಕುಡಿಯುವ ನೀರು

ಪ್ರಶ್ನೆ: ಕೊಡಗಿನ ಒಂದು ಪಟ್ಟಣದಲ್ಲಿ, ಗುಡ್ಡದ ನೆತ್ತಿಯ ಬಡಾವಣೆಯಲ್ಲಿ ನಮ್ಮ ಮನೆ ಇದೆ. ನೀರು ಎರಡು ದಿನಕ್ಕೊಮ್ಮೆ ಬರುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದರೆ ನಲ್ಲಿಯಲ್ಲಿ ಮೊದಲು ಕೆಂಪು ನೀರು ಬರುತ್ತದೆ, ಕೆಲವೊಮ್ಮೆ ಚರಂಡಿಯ ವಾಸನೆಯೂ ಇರುತ್ತದೆ. ಇಳಿಜಾರಿನ ಕೆಳಗಿನ ಮನೆಯವರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಎಲ್ಲರಿಗೂ ಬರುವುದು ಒಂದೇ ಶುದ್ಧೀಕರಣ ಘಟಕದ ನೀರಲ್ಲವೇ?

ಉತ್ತರ: ಘಟಕದಿಂದ ಹೊರಡುವ ನೀರು ಒಂದೇ ಆಗಿದ್ದರೂ, ನಿಮ್ಮ ಮನೆಯ ಕಡೆಗೆ ಬರುವ ಕೊಳವೆ ಆ ಎರಡು ದಿನಗಳಲ್ಲಿ ಬಹುಪಾಲು ಹೊತ್ತು ಖಾಲಿಯಾಗಿರುತ್ತದೆ. ತೊಂದರೆಯ ಮೂಲ ಇದೇ ಇರಬೇಕೆಂದು ನನಗೆ ತೋರುತ್ತದೆ. ವಾಲ್ವ್ ಮುಚ್ಚಿದ ಮೇಲೆ ಕೊಳವೆಯಲ್ಲಿ ಉಳಿದ ನೀರು ತಗ್ಗಿನ ನಲ್ಲಿಗಳ ಕಡೆಗೆ ಇಳಿದುಹೋಗುತ್ತದೆ. ಆಗ ಎತ್ತರದ ಭಾಗದಲ್ಲಿ ಕೊಳವೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ಜೋಡಣೆ ಸಡಿಲವಾದಲ್ಲಿ ಅಥವಾ ತುಕ್ಕು ಹಿಡಿದು ತೂತಾದಲ್ಲಿ ಅದು ಸುತ್ತಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಸುತ್ತಲಿನ ನೀರೆಂದರೆ ರಸ್ತೆ ಬದಿಯ ಚರಂಡಿಯ ನೀರೇ. ತಗ್ಗಿನ ಮನೆಗಳ ಕೊಳವೆಯಲ್ಲಿ ಒತ್ತಡ ಹೆಚ್ಚು ಹೊತ್ತು ನಿಲ್ಲುವುದರಿಂದ ಅಲ್ಲಿ ನೀರು ಹೊರಗೆ ಸೋರುತ್ತದೆಯೇ ಹೊರತು ಕೊಳೆ ಒಳಗೆ ಬರುವುದು ಅಪರೂಪ.

ಇಂಥದೇ ಒಂದು ದೂರಿನ ಬೆನ್ನು ಹತ್ತಿ ಹೋಗಿದ್ದಾಗ, ಚರಂಡಿಯ ಅಡ್ಡಕ್ಕೆ ಹಾದುಹೋಗಿದ್ದ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪೊಂದನ್ನು ಅಗೆದು ತೆಗೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಮೇಲೆ ಗಟ್ಟಿಯಾಗಿಯೇ ಕಾಣುತ್ತಿದ್ದ ಪೈಪನ್ನು ತಿರುಗಿಸಿದರೆ, ಅದರ ಅಡಿಭಾಗದಲ್ಲಿ ಕಾಳುಮೆಣಸಿನ ಗಾತ್ರದ ಮೂರು ತೂತುಗಳಿದ್ದವು. ಆ ಬೀದಿಯ ಮಕ್ಕಳಿಗೆ ವಾಂತಿ ಭೇದಿ ಹಿಡಿದು ಆಗಲೇ ವಾರ ಕಳೆದಿತ್ತು.

ಪೈಪು ಹೀಗೆ ತೂತಾಗಲು ನಮ್ಮ ನೀರಿನ ಗುಣವೂ ಕಾರಣ. ಕೊಡಗಿನ ಹೊಳೆ ತೊರೆಗಳ ನೀರು ಮೃದು. ಸೋಪು ಹಚ್ಚಿದೊಡನೆ ನೊರೆ ಬರುವುದು ಅದಕ್ಕೇ. ಇಂಥ ನೀರಿನಲ್ಲಿ ಸ್ವಲ್ಪ ಆಮ್ಲದ ಗುಣವೂ ಸೇರಿದರೆ ಅದು ಪೈಪಿನ ಸತುವಿನ ಲೇಪವನ್ನೂ ಅದರಡಿಯ ಕಬ್ಬಿಣವನ್ನೂ ನಿಧಾನವಾಗಿ ತಿನ್ನುತ್ತದೆ. ಆದ್ದರಿಂದ ಕೆಂಪು ಬಣ್ಣ ಬೇಸಿಗೆಯಲ್ಲೂ ಮೊದಲ ಕೆಲವು ನಿಮಿಷ ಕಾಣಿಸಿಕೊಂಡರೆ ತುಕ್ಕೆಂದೂ, ದೊಡ್ಡ ಮಳೆಯ ಮರುದಿನ ಮಾತ್ರ ಬಂದರೆ ಮಣ್ಣೆಂದೂ ಸ್ಥೂಲವಾಗಿ ತಿಳಿಯಬಹುದು. ಬಣ್ಣದೊಂದಿಗೆ ಚರಂಡಿಯ ವಾಸನೆಯೂ ಇದ್ದರೆ ಆ ನೀರನ್ನು ಕುಡಿಯುವುದಕ್ಕೆ ಬಳಸಲೇಬೇಡಿ, ಸಂಪಿಗೂ ಬಿಟ್ಟುಕೊಳ್ಳಬೇಡಿ. ದಿನ, ಹೊತ್ತು, ಎಷ್ಟು ಹೊತ್ತು ಕೊಳೆ ನೀರು ಬಂತೆಂಬುದನ್ನು ಬರೆದಿಟ್ಟು, ಬೀದಿಯ ನಾಲ್ಕೈದು ಮನೆಯವರು ಒಟ್ಟಾಗಿ ಲಿಖಿತ ದೂರು ಕೊಡಿ. ಯಾವ ಮನೆಯಿಂದ ಯಾವ ಮನೆಯವರೆಗೆ ವಾಸನೆ ಇದೆ ಎಂದು ಗೊತ್ತಾದರೆ ಎಲ್ಲಿ ಅಗೆಯಬೇಕೆಂಬುದು ಸಿಬ್ಬಂದಿಗೆ ಅರ್ಧ ತಿಳಿದಂತೆ.

ಪ್ರಶ್ನೆ: ಹೊಳೆ ಕದಡಿದಾಗ ಘಟಕದಲ್ಲಿ ಕ್ಲೋರಿನ್ ಹೆಚ್ಚು ಹಾಕಿದರೆ ಸಾಲದೇ?

ಉತ್ತರ: ಸಾಲದು. ಮಡಿಕೇರಿಗೆ ಕೂಟುಹೊಳೆ, ಕುಶಾಲನಗರಕ್ಕೆ ಕಾವೇರಿ ಎಂಬಂತೆ ನಮ್ಮ ಊರುಗಳು ನೆಚ್ಚಿಕೊಂಡಿರುವುದು ಹರಿಯುವ ನೀರನ್ನು. ಮಳೆ ಬಂದರೆ ಗುಡ್ಡದ ಮಣ್ಣು ಅದರಲ್ಲಿಯೇ ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕುಸಿದಂಥ ಇಳಿಜಾರುಗಳು ಮತ್ತೆ ಹಸಿರು ಹಿಡಿಯುವ ತನಕ ಇನ್ನೂ ಹೆಚ್ಚು ಇಳಿಯುತ್ತದೆ. ಮಣ್ಣಿನ ಕಣಗಳ ಮರೆಯಲ್ಲಿರುವ ರೋಗಾಣುವಿಗೆ ಕ್ಲೋರಿನ್ ಸರಿಯಾಗಿ ತಾಗುವುದಿಲ್ಲ. ಮೊದಲು ಆಲಂ (ಪಟಿಕ) ಹಾಕಿ ಮಣ್ಣನ್ನು ಗರಣೆ ಕಟ್ಟಿಸಿ, ತಳಕ್ಕೆ ಇಳಿಸಿ, ಮರಳಿನಲ್ಲಿ ಸೋಸಬೇಕು. ಇಲ್ಲಿಯೂ ಮೃದು ನೀರು ಒಂದು ತೊಡಕು ತರುತ್ತದೆ: 1 ಮಿಲಿಗ್ರಾಂ ಆಲಂ ನೀರಿನಲ್ಲಿರುವ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರವನ್ನು ಬಳಸಿಕೊಳ್ಳುವುದರಿಂದ, ಕ್ಷಾರ ಮೊದಲೇ ಕಡಿಮೆ ಇರುವ ನಮ್ಮ ನೀರಿಗೆ ಸುಣ್ಣ ಸೇರಿಸದೆ ಬರೀ ಆಲಂ ಹೆಚ್ಚಿಸುತ್ತಾ ಹೋದರೆ ಗರಣೆಯೂ ಕಟ್ಟುವುದಿಲ್ಲ, ನೀರೂ ಹುಳಿಯಾಗುತ್ತದೆ. ಎಷ್ಟು ಆಲಂ, ಎಷ್ಟು ಸುಣ್ಣ ಎಂಬುದನ್ನು ಮಳೆಗಾಲದಲ್ಲಿ ದಿನವೂ ಜಾರ್ ಟೆಸ್ಟ್ (ಹೊಳೆಯ ನೀರನ್ನು ಕೆಲವು ಜಾಡಿಗಳಲ್ಲಿ ತೆಗೆದು, ಬೇರೆ ಬೇರೆ ಪ್ರಮಾಣ ಹಾಕಿ ನೋಡುವ ಪರೀಕ್ಷೆ) ಮಾಡಿಯೇ ನಿರ್ಧರಿಸಬೇಕು. ನಿನ್ನೆಯ ಲೆಕ್ಕ ಇಂದಿನ ಹೊಳೆಗೆ ಹೊಂದುವುದಿಲ್ಲ.

ಸೋಸಿದ ನೀರಿಗೆ ಕ್ಲೋರಿನ್ ಸೇರಿಸಿ ಕನಿಷ್ಠ ಅರ್ಧ ಗಂಟೆ ನಿಲ್ಲಿಸಿದ ಮೇಲೆಯೇ ಊರಿಗೆ ಬಿಡಬೇಕು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದನ್ನು ಅಳೆಯಬೇಕಾದದ್ದು ಘಟಕದ ಬಾಗಿಲಿನಲ್ಲಲ್ಲ, ಕೊಳವೆ ಸಾಲಿನ ಕೊನೆಯ ಮನೆಯಲ್ಲಿ ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ನಿನ್ನೆಯವರೆಗೆ ಕ್ಲೋರಿನ್ ತೋರುತ್ತಿದ್ದ ಆ ನಲ್ಲಿಯಲ್ಲಿ ಇಂದು ಏನೂ ತೋರದಿದ್ದರೆ, ದಾರಿಯಲ್ಲಿ ಎಲ್ಲೋ ಕೊಳೆ ಸೇರಿ ಅದನ್ನು ತಿಂದುಹಾಕಿದೆ ಎಂದು ಅನುಮಾನಿಸಲೇಬೇಕು.

ಪ್ರಶ್ನೆ: ಮನೆಯ ಟ್ಯಾಂಕನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವುದು ಹೇಗೆ? ಆರ್‌ಒ ಯಂತ್ರ ಕೊಳ್ಳಬೇಕೇ?

ಉತ್ತರ: ಟ್ಯಾಂಕನ್ನು ಖಾಲಿ ಮಾಡಿ, ತಳದ ಕೆಸರನ್ನು ಉಜ್ಜಿ ತೆಗೆದು, ಮತ್ತೆ ತುಂಬಿಸಿ. ಸಾವಿರ ಲೀಟರಿಗೆ ಸುಮಾರು 150 ಗ್ರಾಂ ಹೊಸ ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪೂರ್ತಿ ಹೊರಹಾಕಿ ತೊಳೆಯಿರಿ. ಇದು ಟ್ಯಾಂಕ್ ಶುದ್ಧಿಯ ಪ್ರಮಾಣವೇ ಹೊರತು ಕುಡಿಯುವ ನೀರಿನದಲ್ಲ. ಆ ನೀರನ್ನು ತೋಡಿಗೆ ಬಿಡಬೇಡಿ, ಮೀನು ಸಾಯುತ್ತವೆ. ನಮ್ಮ ಮಳೆಗಾಲದ ತೇವಕ್ಕೆ ಬಾಯಿ ತೆರೆದಿಟ್ಟ ಪೌಡರು ಬೇಗನೆ ಸತ್ವ ಕಳೆದುಕೊಳ್ಳುತ್ತದೆ. ಗಂಟು ಕಟ್ಟಿ, ಘಾಟು ಹೋದ ಪೌಡರನ್ನು ನಂಬಬೇಡಿ.

ಆರ್‌ಒ ಇರುವುದು ಮುಖ್ಯವಾಗಿ ಲವಣ ತೆಗೆಯಲು. ಲವಣವೇ ಕಡಿಮೆ ಇರುವ ಹೊಳೆ ನೀರಿಗೆ ಅದು ಅನಗತ್ಯ, ಮೇಲಾಗಿ ಬಹಳ ನೀರು ಹಾಳಾಗುತ್ತದೆ. ಸೋಸಿ, ಕುದಿ ಬಂದ ಮೇಲೆ ಒಂದು ನಿಮಿಷ ಮರಳಿಸಿದರೆ ಸಾಕು.

ಪ್ರಶ್ನೆ: ನಮ್ಮದು ಸಣ್ಣ ಕಾಫಿ ತೋಟ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ) ಮಾಡಿದ ನೀರು ಪಕ್ಕದ ತೋಡಿಗೆ ಹೋಗುತ್ತದೆ. ಆ ತೋಡು ಸೇರುವ ಹೊಳೆಯಿಂದಲೇ ಪಟ್ಟಣಕ್ಕೆ ನೀರೆತ್ತುತ್ತಾರೆ. ಹಣ್ಣಿನ ಸಿಪ್ಪೆಯ ನೀರು ತಾನೇ, ಅದರಿಂದ ಕೆಡುಕುಂಟೇ?

ಉತ್ತರ: ಉಂಟು. ನೀವಾಗಿಯೇ ಕೇಳಿದ್ದಕ್ಕೆ ಕೃತಜ್ಞತೆ ಹೇಳುತ್ತೇನೆ. ಆ ನೀರಿನಲ್ಲಿ ಹಣ್ಣಿನ ಸಕ್ಕರೆ, ಲೋಳೆ ತುಂಬಿರುತ್ತವೆ. ಅದು ಹುಳಿಯುವಾಗ ಸೂಕ್ಷ್ಮಜೀವಿಗಳು ಹೊಳೆಯ ನೀರಿನ ಆಮ್ಲಜನಕವನ್ನೆಲ್ಲ ಬಳಸಿಕೊಂಡು, ನೀರು ಕಪ್ಪಾಗಿ ನಾರುತ್ತದೆ. ಅಂಥ ನೀರು ಘಟಕಕ್ಕೆ ಬಂದರೆ ಹಾಕಿದ ಕ್ಲೋರಿನ್ ಈ ಕೊಳೆಗೇ ಖರ್ಚಾಗುತ್ತದೆ. ಹೆಚ್ಚು ಹಾಕಿದರೆ ಅದು ಕೊಳೆಯೊಂದಿಗೆ ಸೇರಿ, ದೀರ್ಘಕಾಲ ಕುಡಿಯಲು ಒಳ್ಳೆಯದಲ್ಲದ ರಾಸಾಯನಿಕಗಳಾದ ಟ್ರೈಹ್ಯಾಲೋಮೀಥೇನ್‌ಗಳು ಉಂಟಾಗುತ್ತವೆ. ಪಲ್ಪಿಂಗ್ ನಡೆಯುವುದು ಮಳೆ ನಿಂತು ಹೊಳೆ ಬತ್ತುತ್ತಾ ಹೋಗುವ ತಿಂಗಳುಗಳಲ್ಲಿ ಎಂಬುದರಿಂದ ಕೊಳೆ ತಿಳಿಯಾಗಲು ಬೇಕಾದಷ್ಟು ನೀರೂ ಆಗ ಹೊಳೆಯಲ್ಲಿ ಇರುವುದಿಲ್ಲ. ಹೊಳೆಗೆ ಕೊಳೆ ಬಿಡುವುದು 1974ರ ಜಲ ಮಾಲಿನ್ಯ ತಡೆ ಕಾಯ್ದೆಯಡಿ ನಿಷಿದ್ಧವೂ ಹೌದು.

ನೀವು ಮಾಡಬಹುದಾದದ್ದು ಇದೆ. ಪಲ್ಪರಿನ ನೀರನ್ನು ಮತ್ತೆ ಮತ್ತೆ ಬಳಸಿ ಒಟ್ಟು ಪ್ರಮಾಣವನ್ನು ಇಳಿಸಿ; ಸಿಪ್ಪೆಯನ್ನು ನೀರಿನಲ್ಲಿ ತೇಲಿಸದೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ; ಉಳಿದ ನೀರಿಗೆ ಸುಣ್ಣ ಹಾಕಿ ಹುಳಿ ಮುರಿದು, ತೋಡಿನಿಂದಲೂ ಬಾವಿಯಿಂದಲೂ ದೂರದಲ್ಲಿ, ತಳದಿಂದ ಇಂಗದಂತೆ ಕಟ್ಟಿದ ಹೊಂಡದಲ್ಲಿ ನಿಲ್ಲಿಸಿ. ಕೊಯ್ಲು ಶುರುವಾಗುವ ಮೊದಲೇ ಹೊಂಡ ಸಿದ್ಧವಾಗಬೇಕು, ಏಕೆಂದರೆ ಹಣ್ಣು ರಾಶಿ ಬಿದ್ದ ದಿನ ಗುಂಡಿ ತೋಡಲು ಆಳು ಸಿಗುವುದಿಲ್ಲ.