ಅಳಿಸಲು ಅಲ್ಲಿ ಹಳೆಯ ಹೆಸರೇ ಇರಲಿಲ್ಲ

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಹರ್ಡ್ ದ್ವೀಪದ ಫೋಟೋ ನೋಡಿ ಬರೆದಿದ್ದೀರಿ. ‘ಹಿಂದೂ ಮಹಾಸಾಗರದಲ್ಲಿ ಹಿಮದ ಬೆಟ್ಟವೇ? ನೀವು ಬಿಗ್ ಬೆನ್ ಶಿಖರ ಎಂದಿದ್ದೀರಿ, ಅಟ್ಲಾಸಿನಲ್ಲಿ ಮಾಸನ್ ಶಿಖರ ಅಂತಿದೆ. ಅಲ್ಲಿನ ಜನ ಇಟ್ಟಿದ್ದ ಹೆಸರನ್ನು ಬಿಳಿಯರು ಅಳಿಸಿಬಿಟ್ಟರೇ?’ ಎಂದು ಕೇಳಿದ್ದೀರಿ.

ಭೂಪಟದ ಮೇಲೆ ಕಾರವಾರದಿಂದ ಹೆಚ್ಚುಕಡಿಮೆ ನೇರ ಕೆಳಕ್ಕೆ ಬೆರಳು ಎಳೆಯಿರಿ. ಮಾಲ್ಡೀವ್ಸ್ ದಾಟಿದ ಮೇಲೆ ನೀರೇ ಜಾಸ್ತಿ. ಸುಮಾರು 7,500 ಕಿಲೋಮೀಟರ್ ಆದ ಮೇಲೆ ಹರ್ಡ್ ಸಿಗುತ್ತದೆ. ಅಷ್ಟು ದಕ್ಷಿಣಕ್ಕೆ ಹೋದರೆ ಅಂಟಾರ್ಕ್ಟಿಕಾದ ತಣ್ಣೀರಿನ ಸೀಮೆ. ಹಾಗಾಗಿ ಹಿಮ. ಬೆಟ್ಟದ ಎತ್ತರ 2,745 ಮೀಟರ್. ಮೈತುಂಬಾ ಹಿಮನದಿಗಳು, ಒಳಗೆ ಜೀವಂತ ಜ್ವಾಲಾಮುಖಿ. 1947ರಿಂದ ದ್ವೀಪ ಆಸ್ಟ್ರೇಲಿಯಾದ್ದು. ಆ ದೇಶದ ಮುಖ್ಯ ಭೂಭಾಗದ ಅತಿ ಎತ್ತರದ ಕೊಸಿಯುಸ್ಕೊ ಬೆಟ್ಟ ಇರುವುದು ಬರೀ 2,228 ಮೀಟರ್.

ಹೆಸರು ಅಳಿಸುವ ಬಗ್ಗೆ ನಿಮಗಿರುವ ಸಿಟ್ಟು ನ್ಯಾಯವಾದದ್ದೇ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ತರನಾಕಿ ಬೆಟ್ಟಕ್ಕೆ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್ 1770ರಲ್ಲಿ ಎಗ್ಮಂಟ್ ಎಂದು ಹೆಸರಿಟ್ಟ. ಹಳೆಯ ಹೆಸರು ಮರಳಿ ಪಡೆಯಲು ಅವರಿಗೆ ಇನ್ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಆದರೆ ಹರ್ಡ್‌ನಲ್ಲಿ ಜನವೇ ಇರಲಿಲ್ಲ. ಸೀಲ್ ಎಂಬ ಕಡಲಪ್ರಾಣಿಯ ಬೇಟೆಯವರು ಅದರ ಕೊಬ್ಬಿನ ಎಣ್ಣೆಗಾಗಿ ಬಂದದ್ದು 1855ರಲ್ಲಿ. ಅದಕ್ಕೆ ಮೊದಲು ಆ ಬೆಟ್ಟವನ್ನು ಕರೆಯಲು ಯಾರೂ ಇರಲಿಲ್ಲ.

ನನ್ನನ್ನು ಕಾಡುವುದು ಬೇರೆ ವಿಷಯ. 1853ರ ನವೆಂಬರ್ 25ರಂದು ‘ಓರಿಯೆಂಟಲ್’ ಹಡಗು ಬಾಸ್ಟನ್‌ನಿಂದ ಮೆಲ್ಬರ್ನ್‌ಗೆ ಹೋಗುವ ದಾರಿಯಲ್ಲಿತ್ತು. ಕ್ಯಾಪ್ಟನ್ ಜಾನ್ ಹರ್ಡ್‌ಗೆ ದೂರದಲ್ಲಿ ದೊಡ್ಡ ಹಿಮಗಡ್ಡೆ ಕಂಡಿತು. ಅಷ್ಟರಲ್ಲಿ ಹಿಮಬಿರುಗಾಳಿ ಎದ್ದು ಎಲ್ಲವನ್ನೂ ಮುಚ್ಚಿತು. ಆಮೇಲೆ ನೋಡಿದರೆ ಅದು ನೆಲ! ಇದೆಲ್ಲ ನಮಗೆ ಗೊತ್ತಿರುವುದು ಹಡಗಿನಲ್ಲಿದ್ದ ಅವನ ಹೆಂಡತಿ ಫಿಡೆಲಿಯಾ ದಿನಚರಿ ಬರೆದಿಟ್ಟಿದ್ದರಿಂದ. ದ್ವೀಪಕ್ಕೆ ಮಾತ್ರ ಗಂಡನ ಹೆಸರು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1833ರಲ್ಲಿ, ಪೀಟರ್ ಕೆಂಪ್ ಎಂಬ ನಾವಿಕ ಅದನ್ನು ಕಂಡಿರಬೇಕು ಎನ್ನುತ್ತಾರೆ. ಅವನ ಹೆಸರೂ ದ್ವೀಪಕ್ಕೆ ಸಿಗಲಿಲ್ಲ.

ಶಿಖರಕ್ಕೆ ಹೆಸರು ಬಂದದ್ದು 1929ರಲ್ಲಿ ಈ ದ್ವೀಪಕ್ಕೆ ಬಂದಿದ್ದ ಅಂಟಾರ್ಕ್ಟಿಕ್ ಶೋಧಕ ಡಗ್ಲಾಸ್ ಮಾಸನ್‌ರಿಂದ. ಅದರ ತುದಿಗೆ ಜನ ಮೊದಲು ಹತ್ತಿದ್ದು 1965ರ ಜನವರಿಯಲ್ಲಿ. ವಾರ್ವಿಕ್ ಡೀಕಾಕ್‌ರ ತಂಡ ‘ಪಟನೇಲಾ’ ಎಂಬ ಹಾಯಿ ಹಡಗಿನಲ್ಲಿ ಬಂದಿತ್ತು. ದಡ ಸೇರುವಾಗ ಅಲೆಗೆ ಸಿಕ್ಕಿ ಅವರ ರಬ್ಬರ್ ದೋಣಿ ಮಗುಚಿತು. ಆ ಜಾಗ ಇವತ್ತಿಗೂ ಕ್ಯಾಪ್ಸೈಜ್ ಬೀಚ್, ಅಂದರೆ ದೋಣಿ ಮಗುಚಿದ ದಡ. ಆ ದ್ವೀಪದ ಹೆಸರುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ನಮ್ಮೂರಲ್ಲೂ ಹೀಗೇ ಅಲ್ವಾ, ನಡೆದದ್ದೇ ಜಾಗದ ಹೆಸರಾಗಿ ಉಳಿಯುವುದು?

ನೀವು ಹಿಡಿದ ತಪ್ಪು ನಮ್ಮದೇ. ಬಿಗ್ ಬೆನ್ ಎಂದರೆ ಇಡೀ ಬೆಟ್ಟ, ಮಾಸನ್ ಎಂದರೆ ಅದರ ನೆತ್ತಿ. ಫೋಟೋದ ಅಡಿಬರಹವನ್ನು ‘ಬಿಗ್ ಬೆನ್ ಬೆಟ್ಟದ ಮಾಸನ್ ಶಿಖರ’ ಎಂದು ತಿದ್ದಿ ಓದಿಕೊಳ್ಳಿ.

— ಸಂಪಾದಕ