ಚಿತ್ರಕ್ಕೆ ಬಹುಮಾನ ಬಂದಾಗ ಮೊದಲು ಯಾರು ನೆನಪಾದರು?

'ನಿಮ್ಮ ಚಿತ್ರವನ್ನು ನಾಲ್ಕು ಜನರ ಮುಂದೆ ಮೆಚ್ಚಿದಾಗ ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು?' ಅಂತ ಕೇಳಿದ್ದೀರಿ. ನನಗೆ ಮೊದಲು ಅನ್ನಿಸಿದ್ದು, ಅದನ್ನು ನಿಂತು ನೋಡಿದ ತೀರ್ಪುಗಾರರಿಗೆ.

ನಾನು ಕಾರವಾರದವನು. ಇಲ್ಲಿಯ ಒಂದು ಪ್ರದರ್ಶನದಲ್ಲಿ ನನ್ನ ಜಲವರ್ಣಕ್ಕೆ ಮೊದಲ ಬಹುಮಾನ ಬಂತು. ಕೋಡಿಬಾಗದಿಂದ ಕಾಣುವ ಕಾಳಿ ನದಿ, ಆಚೆ ದಡದಲ್ಲಿ ಮಳೆ ಮುಸುಕಿದ ಸದಾಶಿವಗಡದ ಗುಡ್ಡ, ಈಚೆ ದಡಕ್ಕೆ ಎಳೆದು ತಾಡಪಾಲು ಹೊದಿಸಿದ ದೋಣಿಗಳು. ಜಲವರ್ಣ ಅಂದರೆ ಶಾಲೆ ಮಕ್ಕಳದ್ದು, ದೊಡ್ಡ ಕೆಲಸ ಅಂದರೆ ಆಯಿಲ್ ಪೇಂಟಿಂಗ್ ಅನ್ನುವ ಮಾತು ನಮ್ಮ ಕಡೆ ಜಾಸ್ತಿ. ಆದರೆ ಆ ತೀರ್ಪುಗಾರರು ಮೈಕ್ ಹಿಡಿದು ಮಾತಾಡಿದ್ದು ಆಕಾಶದ ಬಗ್ಗೆ, ನೀರಿನ ಮೇಲಿನ ಬಿಳಿಯ ಬಗ್ಗೆ. ಆ ಬಿಳಿ ಬಣ್ಣವಲ್ಲ, ಖಾಲಿ ಬಿಟ್ಟ ಕಾಗದ ಅಂತ ಅವರು ಎಲ್ಲರಿಗೂ ಬೆರಳು ಮಾಡಿ ತೋರಿಸಿದಾಗ ನನ್ನ ಕಣ್ಣು ತುಂಬಿತು.

ಆಕಾಶಕ್ಕೆ ಬಳಸಿದ್ದು ಎರಡೇ ಬಣ್ಣ, ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನಾ. ಎರಡೂ ಸೇರಿದರೆ ಒಳ್ಳೆಯ ಬೂದು ಬರುತ್ತದೆ. ಒದ್ದೆ ಕಾಗದದ ಮೇಲೆ ಬಿಟ್ಟರೆ ಆ ನೀಲಿಯ ಕಣಗಳು ಕಾಗದದ ತರಿಯಲ್ಲಿ ಹೋಗಿ ಕೂರುತ್ತವೆ, ಮೋಡಕ್ಕೆ ಮೈ ಬರುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಕಾಗದ ಬೇಗ ಒಣಗುವುದೂ ಇಲ್ಲ ನೋಡಿ, ಹಾಗಾಗಿ ಗುಡ್ಡದ ಅಂಚು ನಿಧಾನಕ್ಕೆ ತಾನಾಗಿಯೇ ಮೋಡದೊಳಗೆ ಕರಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಅದು ಹಾಗೆ ಬರಲ್ಲ. ಈ ಊರಿನ ಹವೆಗೂ ನಾನು ಋಣಿ, ಸುಮ್ನೆ ಹೇಳ್ತಿಲ್ಲ.

ಬಿಳಿಯನ್ನು ಮೊದಲೇ ಕಾದಿಡಬೇಕು ಅಂತ ಕಲಿಸಿದವರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು. ಬ್ರಷ್ ಮುಟ್ಟುವ ಮುಂಚೆ ಬೆಳಕು ಎಲ್ಲಿದೆ ಅಂತ ಕೇಳುತ್ತಿದ್ದರು. ಬಹುಮಾನದ ಸುದ್ದಿ ಫೋನಿನಲ್ಲಿ ಹೇಳಿದಾಗಲೂ ಅವರು ಕೇಳಿದ್ದು ಅದೇ.

ಆಯಿಗೆ ಬಣ್ಣದ ವಿಷಯ ಗೊತ್ತಿಲ್ಲ. ಆದರೆ ನನ್ನ ಕಾಗದ ಉಳಿಸಿದವಳು ಅವಳೇ. ಕಾಗದಕ್ಕೆ ಬೂಸ್ಟು ಹಿಡಿದರೆ ಬಣ್ಣ ಬೇಗ ಹೀರದಂತೆ ಅದಕ್ಕೆ ಹಾಕಿರುವ ಅಂಟು ಹಾಳಾಗಿ ಬಣ್ಣ ಕಲೆ ಕಲೆಯಾಗಿ ಹೀರುತ್ತದೆ, ಆಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ. ಅವಳು ಕಾಗದವನ್ನೆಲ್ಲ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಸ್ವಲ್ಪ ಬಿಸಿಲು ಬಂದರೂ ತೆಗೆದು ಗಾಳಿಗೆ ಇಡುತ್ತಿದ್ದಳು. ವೇದಿಕೆಯ ಮೇಲೆ ನಾನು ಅವಳ ಹೆಸರು ಹೇಳಿದೆ.

ಇನ್ನು ಕೋಡಿಬಾಗದ ಮೀನುಗಾರರು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಸಮುದ್ರವೂ ಜೋರು, ದುಡಿಮೆ ಕಡಿಮೆ ಇರುವ ಕಾಲ ಅದು. ಅಂಥ ಹೊತ್ತಿನಲ್ಲೂ ಬಲೆ ರಿಪೇರಿ ಮಾಡುತ್ತಾ ಕೂತವರು ಸರಿದು ತಮ್ಮ ಚಪ್ಪರದಡಿ ನನಗೆ ಜಾಗ ಕೊಟ್ಟರು, ಚಹಾ ಕೊಟ್ಟರು. ಬಹುಮಾನ ಬಂದ ಮೇಲೆ ಚಿತ್ರದ ಪ್ರಿಂಟ್ ತೆಗೆಸಿ ಅವರಿಗೆ ಕೊಟ್ಟು ಬಂದೆ. ಅಲ್ಲಿಯ ಅಜ್ಜಿಯೊಬ್ಬರು ಅಂಕೋಲೆಯ ಮಗಳ ಮನೆಗೂ ಒಂದು ಬೇಕು ಅಂದಿದ್ದಾರೆ, ಈ ವಾರ ಮಾಡಿಸಿ ಕೊಡಬೇಕು.