ಸರೋವರದ ಬದಿ ಮನೆ ಮಾಡುವ ಮುಂಚೆ

ತಮ್ಮಾ, ಶಿಕಾಗೋ ಪೇಟೆಯಲ್ಲಿ ಕೆಲಸ ಸಿಕ್ಕಿದೆ, ಉತ್ತರಕ್ಕಿರುವ ವಿಲ್ಮೆಟ್, ವಿನೆಟ್ಕಾ ಕಡೆ ಸರೋವರದ ಹತ್ತಿರ ಮನೆ ಮಾಡಬಹುದಾ, ಶಾಲೆ ಹೇಗೆ, ಶಿರಸಿಯಿಂದ ನಿನ್ನ ಆಯಿಯನ್ನು, ಅಂದರೆ ಅಮ್ಮನನ್ನು, ಕರೆತಂದರೆ ಹೊಂದುತ್ತದಾ ಅಂತ ಕೇಳಿದ್ದೀಯ.

ಶಾಲೆ ಚೆನ್ನಾಗಿದೆ. ನ್ಯೂ ಟ್ರಿಯರ್ ಹೈಸ್ಕೂಲಿಗಾಗಿಯೇ ಜನ ಇಲ್ಲಿ ಮನೆ ಕೊಳ್ಳುತ್ತಾರೆ. ನಾವೂ ಹಾಗೇ ಬಂದವರು. ಶಾಲೆಯ ಖರ್ಚಿನ ದೊಡ್ಡ ಪಾಲು ಮನೆ ತೆರಿಗೆಯಲ್ಲೇ ವಸೂಲಾಗುತ್ತದೆ. ಇಲ್ಲಿ ಈ ವರ್ಷ ಕಟ್ಟುವುದು ಹೋದ ವರ್ಷದ ತೆರಿಗೆ. ಹಾಗಾಗಿ ಕೊಳ್ಳುವಾಗ ಮಾರುವವರ ಪಾಲಿನ ತೆರಿಗೆಯನ್ನು ಬೆಲೆಯಲ್ಲಿ ಮುರಿದುಕೊಂಡಿದ್ದಾರಾ ಎಂದು ವಕೀಲರನ್ನು ಕೇಳು. ಪೇಟೆಗೆ ಮೆಟ್ರಾ ರೈಲು ಇದೆ, ವಿಲ್ಮೆಟ್‌ನಿಂದ ಸುಮಾರು ಅರ್ಧ ಗಂಟೆ. ಅಕ್ಕಿ, ಬೇಳೆಗೆ ಡೆವಾನ್ ಬೀದಿ. ಚಳಿಗೆ ಒಳ್ಳೆಯ ಬೂಟು ತಗೋ, ಮುಗಿಯಿತು.

ಆಯಿಯ ವಿಷಯ ಬೇರೆ.

ನಾವು ಬಂದ ಹೊಸತರಲ್ಲಿ ಶಿಕಾಗೋ ಪಕ್ಕದ ಎವನ್‌ಸ್ಟನ್‌ನಲ್ಲಿ ಅಂಗಡಿಯ ಮೇಲಿನ ಚಿಕ್ಕ ಬಾಡಿಗೆ ಮನೆಯಲ್ಲಿದ್ದೆವು. ಕೆಳಗೆ ಬಸ್ಸು, ಪಕ್ಕದಲ್ಲಿ ರೈಲಿನ ಗಡಗಡ. ನನಗೋ ನಾಚಿಕೆ. ಊರಿಗೆ ಫೋಟೋ ಕಳಿಸುವಾಗ ಕಿಟಕಿ ಬಾರದ ಹಾಗೆ ತೆಗೆಯುತ್ತಿದ್ದೆ. ಆರು ವರ್ಷದ ಮೇಲೆ ವಿನೆಟ್ಕಾದಲ್ಲಿ ಸ್ವಂತ ಮನೆ ಆಯಿತು. ಆಮೇಲೇ ಕುಮಟೆಯಿಂದ ನನ್ನ ಆಯಿಯನ್ನು ಕರೆಸಿದ್ದು.

ದೊಡ್ಡ ದೊಡ್ಡ ಮರ, ಕತ್ತರಿಸಿದ ಹುಲ್ಲು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಗಲು ನಾವಿಬ್ಬರೂ ಕೆಲಸಕ್ಕೆ. ನಿಮ್ಮ ಘಟ್ಟದ ಮೇಲೆ ತೋಟದ ನಡುವೆ ಒಂಟಿ ಮನೆಗಳಿರುತ್ತವಲ್ಲ, ಅಲ್ಲಾದರೂ ಅಡಿಕೆ ಕೊಯ್ಯುವ ಕೊನೆಗೌಡ ಬರುತ್ತಾನೆ, ದಾರಿಯಲ್ಲಿ ಹೋಗುವವರು ಜಗಲಿಯಲ್ಲಿ ಕೂತು ಎಲೆಯಡಿಕೆ ಕವಳ ಹಾಕಿ ಹೋಗುತ್ತಾರೆ. ಇಲ್ಲಿ ಫೋನ್ ಮಾಡದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ.

ಮೂರನೇ ವಾರ ಆಯಿ ಒಬ್ಬಳೇ ನೀರು ನೋಡಲು ಹೊರಟಳು. ದಂಡೆಗೆ ಇಳಿಯುವ ಮೆಟ್ಟಿಲು ಕಂಡಿದೆ, ಇಳಿದಿದ್ದಾಳೆ. ಅದು ಯಾರದ್ದೋ ಖಾಸಗಿ ದಂಡೆ. ಇಂಥ ಕಡೆ ನೀರಿನ ಅಂಚಿನ ತನಕ ಮನೆಯವರದೇ ಜಾಗ. ಅವರು ಸಭ್ಯವಾಗಿಯೇ ಹೇಳಿರಬೇಕು. ಆಯಿಗೆ ಇಂಗ್ಲಿಷ್ ಬಾರದು, ಬೆರಳು ತೋರಿಸಿದ್ದಷ್ಟೇ ತಿಳಿಯಿತು. ಸಂಜೆ ಕೇಳಿದಳು, “ನೀರಿಗೂ ಬೇಲಿ ಹಾಕಿದ್ದಾರಾ ಇವರು?” ಕುಮಟೆಯ ವನ್ನಳ್ಳಿ ಕಡಲಿಗೆ ಅವಳು ಯಾರನ್ನು ಕೇಳಿ ಹೋದವಳು ಹೇಳು!

ಊರಿನ ಬೀಚ್ ಇದೆ, ಆಗ ಬೇಸಿಗೆಯಲ್ಲಿ ಅದಕ್ಕೂ ಪಾಸು ಬೇಕಿತ್ತು. ಮಾಡಿಸಿಕೊಟ್ಟೆ. ಒಮ್ಮೆ ನನ್ನ ಜೊತೆ ಬಂದಳು. “ಉಪ್ಪಿನ ವಾಸನೆಯೇ ಇಲ್ಲ, ಸೂರ್ಯನೂ ಬೆನ್ನ ಹಿಂದೆ ಮುಳುಗುತ್ತಾನೆ” ಅಂದಳು. ಹೌದು, ಇದು ಮಿಷಿಗನ್ ಸರೋವರದ ಪಡುವಣ ದಂಡೆ. ಇಲ್ಲಿ ಸೂರ್ಯ ನೀರಿನಿಂದ ಏಳುತ್ತಾನೆ, ಮನೆಗಳ ಹಿಂದೆ ಇಳಿಯುತ್ತಾನೆ. ಆರು ತಿಂಗಳಿಗೆಂದು ಬಂದವಳು ಎಂಟನೇ ವಾರಕ್ಕೆ ಟಿಕೆಟ್ ಬದಲಿಸಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಎವನ್‌ಸ್ಟನ್ ಮನೆಗೇ ಕರೆಸಬಹುದಿತ್ತು. ಕೆಳಗೆ ಅಂಗಡಿ ಇತ್ತು, ಕಿಟಕಿಯಲ್ಲಿ ಕೂತು ಬಸ್ಸು ಹತ್ತುವವರನ್ನು ನೋಡಬಹುದಿತ್ತು. ಅಪ್ಪಯ್ಯನೂ ಆಗ ಇದ್ದ.

ನೀನು ಮೊದಲು ಸ್ಟೇಷನ್ ಹತ್ತಿರ ಬಾಡಿಗೆಗೆ ಇರು. ಸುಮ್ನೆ ಸರೋವರ ಕಾಣುತ್ತದೆ ಅಂತ ಜಾಸ್ತಿ ಕೊಡಬೇಡ. ಮನೆ ನೋಡುವ ದಿನ ಕಾರು ಬಿಟ್ಟು ಸ್ಟೇಷನ್ನಿನಿಂದ ನಡೆದೇ ಹೋಗು, ನಿನ್ನ ಆಯಿ ನಡೆಯುವಷ್ಟು ನಿಧಾನಕ್ಕೆ. ಜನವರಿಯಲ್ಲಾದರೆ ಇನ್ನೂ ಒಳ್ಳೆಯದು.